ಹಿಂದಿನ ರಟ್ಟು

ಫ್ರೇಮಣ್ಣ ಚೌಕಟ್ಟಿಗೆ ಹೊಡೆಯುವ ಸಣ್ಣ ಮೊಳೆಗಳನ್ನು ತುಟಿಗಳ ಮಧ್ಯೆ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಹಾಗಾಗಿ ಅವನ ಬಾಯಿಂದ ಬರುವ ಮಾತು ಚಿಕ್ಕದಾಗಿರುತ್ತಿತ್ತು, ಚುಚ್ಚುತ್ತಲೂ ಇತ್ತು. ಎದುರಿಗೆ ಎಲ್ಲರಿಗೂ ಅವನು ಫ್ರೇಮಣ್ಣ. ಆಚೆ ತಿರುಗಿದ ಮೇಲೆ ‘ಮೊಳೆ’. ಎರಡೂ ಹೆಸರು ಅವನಿಗೆ ಗೊತ್ತಿತ್ತು. ಎರಡನೆಯದರ ಬಗ್ಗೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು ಅಂತ ಅವನ ಹೆಂಡತಿ ಹೇಳುತ್ತಿದ್ದಳು.

ಹೊಲಿಗೆ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ, ಓಣಿಯಂಥ ಉದ್ದ ಕೋಣೆ ಅವನದು. ಒಂದು ಬದಿಗೆ ಗೋಡೆಗೆ ಒರಗಿಸಿದ ಮರದ ಪಟ್ಟಿಗಳು, ಇನ್ನೊಂದು ಬದಿಗೆ ಗಾಜಿನ ಹಾಳೆಗಳು, ನಡುವೆ ಗೋಂದು ಹಿಡಿದು ಹಿಡಿದು ಕಲ್ಲಿನಂತಾದ ಮೇಜು. ಗಾಜನ್ನು ವಜ್ರದ ಮೊನೆಯಿಂದ ಒಂದೇ ಎಳೆತಕ್ಕೆ ಗೀರಿ, ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿ ಎರಡು ಮಾಡುವಾಗ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವನು ಕೂಡಿಸಿದ ಮೂಲೆಯಲ್ಲಿ ಕೂದಲು ತೂರಿಸಲೂ ಸಂದಿ ಇರುತ್ತಿರಲಿಲ್ಲ. ಮದುವೆಯ ಫೋಟೋ, ಪದವಿಯ ಪ್ರಮಾಣಪತ್ರ, ತೀರಿಹೋದವರ ಮುಖ, ಗೆದ್ದು ಹಲ್ಲು ಕಿರಿಯುತ್ತಾ ನಿಂತ ಆಟದ ತಂಡ, ಹೀಗೆ ಊರಿನ ಅರ್ಧ ಗೋಡೆಗಳ ಮೇಲಿದ್ದದ್ದು ಅವನ ಕೈಕೆಲಸವೇ.

ಕೆಲಸ ಕಲಿಸಿದ ಮುದುಕ ಅವನಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದ: “ಮುಂದಿನದನ್ನ ಗಿರಾಕಿ ನೋಡ್ತಾನೆ, ಹಿಂದಿನದನ್ನ ಗೋಡೆ ನೋಡುತ್ತೆ. ಗೋಡೆ ಯಾವತ್ತಾದ್ರೂ ಬಂದು ನಿನ್ನ ಹತ್ರ ಜಗಳ ಆಡುತ್ತಾ?” ಆ ಕಸುಬಿನವರೆಲ್ಲ ನಡೆದುಕೊಂಡದ್ದೇ ಹೀಗೆ. ಮುಂದಕ್ಕೆ ಒಳ್ಳೆಯ ಮರ, ಗುಳ್ಳೆಯಿಲ್ಲದ ಗಾಜು. ಹಿಂದಕ್ಕೆ ಮಾತ್ರ ಕೈಗೆ ಸಿಕ್ಕಿದ ಕಂದು ರಟ್ಟು, ಸಾಮಾನು ತುಂಬಿ ಬರುವ ಪೆಟ್ಟಿಗೆಯದ್ದಾದರೂ ನಡೆಯುತ್ತಿತ್ತು. ಚಿತ್ರ ಸುಕ್ಕಾಗಬಾರದು ಅಂತ ಅದರ ಬೆನ್ನಿಗೆ ಪೂರ್ತಿ ಗೋಂದು ಸವರಿ ರಟ್ಟಿಗೆ ಅಂಟಿಸಿಬಿಡುವುದು, ಆಮೇಲೆ ಸುತ್ತಲೂ ಕಂದು ಟೇಪು ಬಡಿದು ಮುಚ್ಚುವುದು. ಒಮ್ಮೆ ಮುಚ್ಚಿದ ಫ್ರೇಮನ್ನು ಫ್ರೇಮಣ್ಣ ಮತ್ತೆ ಬಿಚ್ಚುತ್ತಿರಲಿಲ್ಲ. ಬಿಚ್ಚುವವನಿಗೆ ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲ ಅನ್ನುವುದು ಅವನ ವಾದ.

ಅಂಗಡಿಯ ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಮಾತ್ರ ಮಾರಾಟಕ್ಕಿಲ್ಲದ ಚಿತ್ರಗಳಿದ್ದವು. ಎಲ್ಲವೂ ಪೆನ್ಸಿಲ್ಲಿನವು. ಎಲ್ಲದರಲ್ಲೂ ಒಂದೇ ಮಗು, ಮಲಗಿರುವ ಮಗು. ಒಂದರಲ್ಲಿ ಮುಷ್ಟಿ ಬಾಯಿಗಿಟ್ಟುಕೊಂಡು, ಒಂದರಲ್ಲಿ ಹೊದಿಕೆ ಒದ್ದು ಕಾಲು ಅಗಲಿಸಿಕೊಂಡು, ಇನ್ನೊಂದರಲ್ಲಿ ಯಾರದೋ ತೋಳಿನ ಮೇಲೆ ಕೆನ್ನೆ ಒತ್ತಿಕೊಂಡು. ಬಿಡಿಸಿದವಳು ಅವನ ಅಕ್ಕ. ಮಗು ಅವಳ ಮಗಳು. ಎಚ್ಚರವಿದ್ದಾಗ ಅದು ಒಂದು ಕ್ಷಣವೂ ನೆಟ್ಟಗೆ ಕೂರುತ್ತಿರಲಿಲ್ಲವಾದ್ದರಿಂದ ಅವಳಿಗೆ ಮಲಗಿದ ಮೇಲೆಯೇ ಪುರಸೊತ್ತು.

ಅಕ್ಕ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಬೇರೆಯವರ ಹೊಲ, ಬೇರೆಯವರ ಚರಂಡಿ, ಬೇರೆಯವರ ರಸ್ತೆ. ಅಂಚು ಕತ್ತರಿಸಿ ಉಳಿದ ಒಳ್ಳೆಯ ಕಾಗದದ ತುಂಡುಗಳನ್ನು ಮೇಲಧಿಕಾರಿಯನ್ನು ಕೇಳಿ ಮನೆಗೆ ತರುತ್ತಿದ್ದಳು. ದಪ್ಪ, ಬಿಳಿ, ಮುಟ್ಟಿದರೆ ಒಗೆದ ಬಟ್ಟೆಯಂತೆ ಮೆತ್ತಗಿನ ಕಾಗದ. ತಮ್ಮನನ್ನು ಎತ್ತಿ ಬೆಳೆಸಿದವಳೂ ಅವಳೇ. ಅಮ್ಮ ಬೇಗ ಹೋದಳು. ಅಪ್ಪ ಇದ್ದೂ ಇಲ್ಲದಂತಿದ್ದ. ಫ್ರೇಮಣ್ಣನಿಗೆ ಜಗತ್ತಿನಲ್ಲಿ ಯಾರದಾದರೂ ಮಾತು ಚುಚ್ಚದೆ ಒಳಗೆ ಹೋಗುತ್ತಿದ್ದರೆ ಅದು ಅಕ್ಕನದು. ಆ ಅಕ್ಕ ಒಂದು ಜ್ವರಕ್ಕೆ, ಆಸ್ಪತ್ರೆಯ ಹಾಸಿಗೆ ಬೆಚ್ಚಗಾಗುವಷ್ಟರಲ್ಲಿ ಹೋಗಿಬಿಟ್ಟಳು. ಮಗಳು ಆಗ ಇನ್ನೂ ಅಕ್ಷರ ಕಲಿಯುತ್ತಿದ್ದಳು.

ಭಾವ ಎರಡನೆಯ ಮದುವೆಗೆ ಒಪ್ಪಿದ ಅಂತ ತಿಳಿದ ದಿನವೇ ಫ್ರೇಮಣ್ಣ ಆ ಮನೆಗೆ ಹೋದ. ಕಾಲು ಕೆರೆದು ಜಗಳ ತೆಗೆಯುವುದರಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ. ಅಲಮಾರಿನ ಮೇಲಿದ್ದ ಚಿತ್ರಗಳ ಕಟ್ಟನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು, “ಇವನ್ನ ಇಲ್ಲಿ ಬಿಟ್ರೆ ನಿನ್ನ ಹೊಸ ಹೆಂಡ್ತಿ ಒಲೆಗೆ ಹಾಕ್ತಾಳೆ,” ಅಂದ. ಹೊಸ ಹೆಂಡತಿ ಇನ್ನೂ ಆ ಮನೆಯ ಹೊಸ್ತಿಲನ್ನೇ ದಾಟಿರಲಿಲ್ಲ. ಅವಳ ಗುಣವನ್ನು ಮಾತ್ರ ಅವನು ಆಗಲೇ ಅಳೆದು ಕತ್ತರಿಸಿ ಮುಗಿಸಿದ್ದ.

ಆ ಚಿತ್ರಗಳಿಗೆ ಅವನು ಹಾಕಿದ ಫ್ರೇಮುಗಳನ್ನು ನೋಡಿದರೆ ಹೊಟ್ಟೆಕಿಚ್ಚಾಗಬೇಕು, ಅಷ್ಟು ಚೆಂದ. ತೇಗದ ಪಟ್ಟಿ, ಮೇಣ ತಿಕ್ಕಿ ತಿಕ್ಕಿ ತಂದ ಹೊಳಪು, ಚಿತ್ರದ ಸುತ್ತ ಓರೆಯಾಗಿ ಕೊಯ್ದು ಕೂರಿಸಿದ ರಟ್ಟಿನ ಅಗಲ ಅಂಚು. ಹಿಂದೆ ಎಂದಿನ ರಟ್ಟು. ಅಕ್ಕನ ಕೆಲಸಕ್ಕೆ ಅಂತ ಹಿಂದಿನದನ್ನೂ ಬೇರೆ ಹಾಕೋಣ ಅನ್ನುವ ಯೋಚನೆ ಅವನ ತಲೆಗೆ ಬರಲೇ ಇಲ್ಲ. ಬರಲು ಕಾರಣವೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ನೇರ ಬಂದು ಬೀಳುವ ಗೋಡೆಯನ್ನೇ ಆರಿಸಿದ, ಬೀದಿಯವರಿಗೆಲ್ಲ ಕಾಣಲಿ ಅಂತ. ಕೇಳಿದವರಿಗೆ, ಕೇಳದವರಿಗೆ, ವಿಳಾಸ ವಿಚಾರಿಸಲು ಬಂದವರಿಗೂ ಹೇಳುತ್ತಿದ್ದ: “ನಮ್ಮಕ್ಕನ ಕೈ ಇದು.”

ಸೊಸೆ, ಅಂದರೆ ಅಕ್ಕನ ಮಗಳು, ಮೊದಲ ಸಲ ಕೇಳಿದ್ದು ಶಾಲೆಯ ಚೀಲ ಬೆನ್ನಿಗಿದ್ದ ವಯಸ್ಸಿನಲ್ಲಿ.

“ಮಾವ, ಅದು ನಾನಾ?”

“ನೀನೇ. ಬಾಯಿ ತೆಕ್ಕೊಂಡು ಮಲಗೋ ಚಾಳಿ ಆಗಿಂದಾನೇ ಇತ್ತು.”

“ಒಂದು ನಂಗೆ ಕೊಡಿ.”

“ಕೈ ನೋಡ್ಕೋ ಮೊದಲು. ಶಾಯಿ.”

ಅವಳು ಕೈ ತೊಳೆದುಕೊಂಡು ಬಂದಳು. ಆದರೂ ಕೊಡಲಿಲ್ಲ. ಕಾಲೇಜಿಗೆ ಹೋದಾಗ, ಹಾಸ್ಟೆಲಿನ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ ಅಂದ. ಮದುವೆಯಾದಾಗ, ಬಾಡಿಗೆ ಮನೆ, ಇವತ್ತು ಇಲ್ಲಿ ನಾಳೆ ಅಲ್ಲಿ, ಗಾಡಿಗೆ ಹಾಕಿದ ಗಾಜು ಉಳಿಯುತ್ತಾ ಅಂದ. ಅವಳು ಸ್ವಂತ ಮನೆ ಮಾಡಿದ ಮೇಲೆ ಒಂದು ದಿನ ಹೋಗಿ, ಕಾಫಿ ಕುಡಿದು, ಅಂಗೈಯಿಂದ ಗೋಡೆ ಸವರಿ ನೋಡಿ, ತೇವ ಇದೆ ಅಂತ ತೀರ್ಪು ಕೊಟ್ಟು ಬಂದ. ಮಗು ಹುಟ್ಟಿದಾಗ ಆಸ್ಪತ್ರೆಗೆ ಬಂದ ಮಾವನನ್ನು ಅವಳು, ಇನ್ನೂ ಸರಿಯಾಗಿ ಎದ್ದು ಕೂರಲಾಗದವಳು, ಮೆಲ್ಲಗೆ ಕೇಳಿದಳು. “ಅಮ್ಮ ನನ್ನ ಹೇಗೆ ನೋಡ್ತಿದ್ಳು ಅಂತ ನಂಗೆ ನೆನಪೇ ಇಲ್ಲ ಮಾವ. ಅದರಲ್ಲಿ ಕಾಣುತ್ತೆ. ಒಂದೇ ಒಂದು ಸಾಕು.” ಕೊಟ್ಟುಬಿಡಬೇಕು ಅಂತ ಅವನಿಗೂ ಅನ್ನಿಸಿತು. ಆದರೂ ಬಾಯಿಗೆ ಬಂದದ್ದು ಬೇರೆ: “ಮಗು ದೊಡ್ಡದಾಗ್ಲಿ. ಈಗ ಕೊಟ್ರೆ ಅದರ ಮೇಲೆ ಗೀಚುತ್ತೆ.”

ಆ ದಿನ ಹೆಂಡತಿ ಅವನ ಜೊತೆಗೇ ಮನೆಗೆ ಬಂದಳು. ಬಾಗಿಲ ಬೀಗ ತೆಗೆಯುತ್ತಾ, “ನಿಮಗೆ ಅಕ್ಕ. ಅವಳಿಗೆ ಅಮ್ಮ ಕಣ್ರೀ,” ಅಂದಳು. ಅವನು ಸೊಪ್ಪು ಹಾಕಲಿಲ್ಲ. ಮಕ್ಕಳಿಲ್ಲದ ಮನೆ ಅದು. ಅಂಗಡಿಯ ಗೋಡೆಯ ಮೇಲೆ ಮಲಗಿದ ಆ ಮಗು ಅವನಿಗೂ ಮಗುವೇ ಆಗಿಹೋಗಿತ್ತು. ಕೊಟ್ಟುಬಿಟ್ಟರೆ ತನಗೇನು ಉಳಿಯಿತು ಅನ್ನುವ ಹೆದರಿಕೆಯನ್ನು ತೇವ, ಶಾಯಿ, ಮೊಳೆ ಅಂತ ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದ, ಅಷ್ಟೇ.

ಚಿತ್ರಗಳ ಬಣ್ಣ ತಿರುಗುತ್ತಿತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಿಳಿ ಹೋಗಿ ಕೆನೆಯಾಯಿತು, ಕೆನೆ ಹೋಗಿ ಹಾಲು ಜಾಸ್ತಿ ಹಾಕಿದ ಚಹಾ ಆಯಿತು. ದಿನವೂ ನೋಡುವ ಮುಖಕ್ಕೆ ವಯಸ್ಸಾಗುವುದು ಎಲ್ಲಿ ತಿಳಿಯುತ್ತದೆ? ಒಬ್ಬ ಗಿರಾಕಿ, ಕಪ್ಪು ಕನ್ನಡಕದ ಆಸಾಮಿ, “ಆಹಾ, ಈ ಹಳೇ ಬಣ್ಣ ತರಬೇಕಂದ್ರೂ ಬರಲ್ಲ,” ಅಂತ ಹೊಗಳಿ ಹೋದ. ಅಂದಿನಿಂದ ಫ್ರೇಮಣ್ಣನೂ ಅದನ್ನೇ ಹೇಳತೊಡಗಿದ. ಹಳೆಯದಾದ ಕಾಗದಕ್ಕೆ ಒಂದು ಗಾಂಭೀರ್ಯ ಬರುತ್ತದೆ, ಅದು ಕಾಲದ ಮರ್ಯಾದೆ, ಹೀಗೇನೇನೋ. ಬೇರೆಯವರು ಕೊಟ್ಟ ಮಾತನ್ನು ತನ್ನದೇ ಅನ್ನುವ ಹಾಗೆ ಹೇಳುವುದರಲ್ಲಿಯೂ ಅವನ ಕೈ ಪಳಗಿತ್ತು.

ಕೊನೆಗೆ ಕಣ್ಣು ಕೈಕೊಟ್ಟಿತು. ಒಂದು ದಿನ ಗಾಜು ಗೀರಿದಾಗ ಗೆರೆ ಅಳತೆ ಬಿಟ್ಟು ಪಕ್ಕಕ್ಕೆ ಹೋಯಿತು. ಇನ್ನೊಂದು ದಿನ ಮೂಲೆಯಲ್ಲಿ ಸಂದಿ ಉಳಿಯಿತು. ಸಂದಿಯನ್ನು ಗಿರಾಕಿ ತೋರಿಸಿದಾಗ ಅವನಿಗಾದ ಅವಮಾನ ಅಷ್ಟಿಷ್ಟಲ್ಲ. ಅಂಗಡಿ ಬಿಟ್ಟುಕೊಡುವುದು ಅಂತ ತೀರ್ಮಾನವಾಯಿತು. ಗೋಡೆಯಿಂದ ಅಕ್ಕನ ಚಿತ್ರಗಳನ್ನು ಇಳಿಸಿ ಮನೆಗೆ ತಂದು ನಡುಮನೆಯ ಗೋಡೆಗೆ ಸಾಲಾಗಿ ಒರಗಿಸಿದ. ಮನೆ ಚಿಕ್ಕದು, ಗೋಡೆಯಲ್ಲಿ ಜಾಗವಿಲ್ಲ. ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ, ಅವಳು ಏನೂ ಹೇಳದೆ ನಿಂತರೆ ಅವನಿಗೆ ತಡೆಯಲಾಗುತ್ತಿರಲಿಲ್ಲ.

“ಫೋನ್ ಕೊಡು ಇಲ್ಲಿ,” ಅಂದ.

ಸೊಸೆಗೆ ಫೋನ್ ಮಾಡಿ, ಗಂಟಲು ಸರಿಮಾಡಿಕೊಂಡು, “ಭಾನುವಾರ ಬಾ. ನಿಮ್ಮಮ್ಮನ ಚಿತ್ರ ಎಲ್ಲಾನೂ ತಗೊಂಡು ಹೋಗು,” ಅಂದ. ಅವಳು, “ಎಲ್ಲಾನೂ? ನಿಜವಾಗ್ಲೂನಾ ಮಾವ?” ಅಂತ ಕೇಳಿದಳು. ಮೂವತ್ತರ ಮೇಲಾದ ಹೆಂಗಸಿನ ದನಿಯಲ್ಲಿ ಶಾಲೆಯ ಚೀಲದ ಹುಡುಗಿ ಕೇಳಿಸಿದಳು. ಫೋನ್ ಇಟ್ಟ ಮೇಲೆ ಫ್ರೇಮಣ್ಣ ತನ್ನ ಬೆನ್ನು ತಾನೇ ತಟ್ಟಿಕೊಂಡ. ಕೊಡುವವನ ಸುಖ ಇಷ್ಟು ದೊಡ್ಡದು ಅಂತ ಗೊತ್ತಿದ್ದರೆ ಮುಂಚೆಯೇ ಕೊಡಬಹುದಿತ್ತಲ್ಲ ಅಂತಲೂ ಅನ್ನಿಸಿತು. ಹೆಂಡತಿ ಸಂಜೆ ಅವನಿಗೆ ಇಷ್ಟದ ಅಡುಗೆ ಮಾಡಿದಳು.

ಕೊಡುವುದೇ ಆದರೆ ದೂಳು ಹಿಡಿದ ಗಾಜಿನ ಸಮೇತ ಕೊಡುವುದೇ? ಹೊಸ ಗಾಜು ಹಾಕಿ, ಪಟ್ಟಿಗೆ ಮೇಣ ತಿಕ್ಕಿ, ಅಂಗಡಿಯಿಂದ ಹೊರಟ ಕೊನೆಯ ಕೆಲಸ ಇದು ಅನ್ನುವ ಹಾಗೆ ಕೊಡಬೇಕು. ಮರುದಿನ ಬೆಳಗ್ಗೆ ಮೊದಲನೆಯ ಫ್ರೇಮನ್ನು ಮನೆಯ ಮೇಜಿನ ಮೇಲೆ ಬೋರಲು ಹಾಕಿ, ತಾನೇ ಬಡಿದಿದ್ದ ಟೇಪಿನ ಅಂಚಿಗೆ ಚಾಕು ತೂರಿಸಿದ. ಜೀವನದಲ್ಲಿ ಮೊದಲ ಸಲ ತನ್ನ ಫ್ರೇಮನ್ನು ತಾನೇ ಬಿಚ್ಚುತ್ತಿದ್ದ.

ಟೇಪು ಎಳೆಯಲೇ ಬೇಕಾಗಲಿಲ್ಲ, ಪುಡಿಪುಡಿಯಾಗಿ ಉದುರಿತು. ಹುಳಿ ಹುಳಿ, ಒಣ ವಾಸನೆಯೊಂದು ಮೂಗಿಗೆ ಬಡಿಯಿತು. ರಟ್ಟು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಚಿತ್ರವನ್ನು ಹೊರತೆಗೆದು ಮುಖ ಮೇಲೆ ಮಾಡಿ, ಸುತ್ತಲಿನ ಅಗಲ ಅಂಚನ್ನು ಎತ್ತಿದ. ಅಂಚು ಕೂತಿದ್ದ ಜಾಗದಲ್ಲಿ ಕಡು ಕಂದು ಗೆರೆಯೊಂದು ಚೌಕವಾಗಿ ಕಾಗದದೊಳಗೇ ಇಳಿದಿತ್ತು, ಇಸ್ತ್ರಿಪೆಟ್ಟಿಗೆ ಮರೆತಿಟ್ಟ ಹಾಗೆ. ಗಾಜಿನ ಹಿಂದೆ ಗಾಂಭೀರ್ಯದಂತೆ ಕಾಣುತ್ತಿದ್ದದ್ದು ಗಾಜು ತೆಗೆದ ಮೇಲೆ ಬರೀ ಕೊಳೆಬಣ್ಣ. ಪೆನ್ಸಿಲ್ಲಿನ ತೆಳು ಗೆರೆಗಳು, ಮಗುವಿನ ರೆಪ್ಪೆ, ಮೂಗಿನ ಪಕ್ಕದ ನೆರಳು, ಆ ಕಂದಿನಲ್ಲಿ ಮುಳುಗಿಹೋಗಿದ್ದವು. ಗಾಬರಿಯಲ್ಲಿ ರಟ್ಟಿನಿಂದ ಚಿತ್ರವನ್ನು ಬಿಡಿಸಿಬಿಡೋಣ ಅಂತ ಒಂದು ಮೂಲೆಯನ್ನು ಉಗುರಿನಿಂದ ಎತ್ತಿದ. ಟಕ್ಕನೆ ಮುರಿಯಿತು. ಕಾಗದ ಹರಿಯಬೇಕು, ಇದು ಮುರಿಯಿತು. ಬಿರುಕು ರಟ್ಟನ್ನೂ ಚಿತ್ರವನ್ನೂ ಸೇರಿಸಿ ಮಗುವಿನ ಹಣೆಯ ಮೇಲಿಂದ ಹಾದು ಆಚೆ ಅಂಚಿಗೆ ಹೋಯಿತು.

ಫ್ರೇಮಣ್ಣ ಎಷ್ಟೋ ಹೊತ್ತು ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಆಮೇಲೆ ಒಂದರ ಹಿಂದೆ ಒಂದು ಎಲ್ಲವನ್ನೂ ಬಿಚ್ಚಿದ. ಎಲ್ಲವೂ ಹಾಗೇ.

ಅವನ ದುಃಖ ಮೊದಲು ಕೋಪವಾಗಿಯೇ ಹೊರಗೆ ಬರುವುದು. ಒಂದು ತುಂಡು ರಟ್ಟನ್ನು ಚೀಲಕ್ಕೆ ಹಾಕಿಕೊಂಡು ನೇರ ಕಾಗದದ ವ್ಯಾಪಾರಿಯ ಅಂಗಡಿಗೆ ಹೋದ. ಇಬ್ಬರೂ ಓರಗೆಯವರು, ಇವನಿಗೆ ಇಷ್ಟು ವರ್ಷ ರಟ್ಟು, ಗೋಂದು, ಟೇಪು ಎಲ್ಲ ಕೊಟ್ಟವನು ಅವನೇ.

“ಏನಯ್ಯಾ ನೀನು ನಂಗೆ ಕೊಟ್ಟಿದ್ದು? ವಿಷ ಕೊಟ್ಯಾ?” ಅಂತ ರಟ್ಟನ್ನು ಗಲ್ಲಾದ ಮೇಲೆ ಎಸೆದ.

ವ್ಯಾಪಾರಿ ಅದನ್ನು ಎತ್ತಿ ಮೂಸಿ ನೋಡಿದ. ಸಿಟ್ಟು ಮಾಡಿಕೊಳ್ಳಲಿಲ್ಲ. “ಮರ ಕಣಯ್ಯಾ ಇದು. ಅರೆದು ಹಾಳೆ ಮಾಡಿದ ಮರ. ಮರ ನೆಟ್ಟಗೆ ನಿಲ್ಲಬೇಕಂದ್ರೆ ಅದರ ನಾರನ್ನೆಲ್ಲ ಹಿಡಿದಿಡೋ ಅಂಟು ಒಂದು ಒಳಗೇ ಇರುತ್ತೆ. ಅಗ್ಗದ ಕಾಗದ ಮಾಡೋರು ಅದನ್ನ ತೆಗೆಯಲ್ಲ, ಹಾಗೇ ಸೇರಿಸಿ ಅರೀತಾರೆ. ಅದಕ್ಕೆ ಬೆಳಕು, ಗಾಳಿ ತಾಗ್ತಾ ತಾಗ್ತಾ ಕಂದಾಗುತ್ತೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗಲ್ವಾ, ಹಂಗೆ. ನ್ಯೂಸ್‌ಪೇಪರ್ ಒಂದು ಬಿಸಿಲಲ್ಲಿ ಇಟ್ಟು ನೋಡು, ಸಂಜೆಗೇ ಬಣ್ಣ ತಿರುಗಿರುತ್ತೆ.”

“ರಟ್ಟು ಹಾಳಾಗ್ಲಿ, ನಂಗೇನು! ನಮ್ಮಕ್ಕನ ಕಾಗದ ಯಾಕೆ ಹಾಳಾಯ್ತು? ಅದು ಒಳ್ಳೆ ಕಾಗದ.”

“ಎಂಥ ಒಳ್ಳೆ ಕಾಗದ?”

“ನಕ್ಷೆ ಬರೆಯೋದು. ದಪ್ಪ. ಬಟ್ಟೆ ಥರ ಇತ್ತು.”

ವ್ಯಾಪಾರಿಯ ಮುಖ ಸಣ್ಣದಾಯಿತು. “ಅಯ್ಯೋ. ಅದು ಹತ್ತಿ ಬಟ್ಟೆಯಿಂದಾನೇ ಮಾಡೋದು. ಅದರಲ್ಲಿ ಈ ಅಂಟು ಇರೋದೇ ಇಲ್ಲ. ಅದನ್ನ ಸುಮ್ನೆ ಪೆಟ್ಟಿಗೇಲಿ ಹಾಕಿ ಮರೆತಿದ್ರೂ ನಾವಿಬ್ರೂ ಹೋದ ಮೇಲೂ ಬೆಳ್ಳಗಿರ್ತಿತ್ತು. ಈ ರಟ್ಟು ಹಳೇದಾದಷ್ಟೂ ಹುಳಿ ಬಿಡುತ್ತೆ. ಆ ಹುಳಿ ಪಕ್ಕದ ಕಾಗದಕ್ಕೆ ಇಳಿಯುತ್ತೆ, ಅದರ ನಾರನ್ನೂ ತಿನ್ನುತ್ತೆ, ಅದಕ್ಕೇ ಮುರಿಯೋದು. ನೀನು ಗೋಂದು ಹಾಕಿ ಬೇರೆ ಅಂಟಿಸಿದ್ದೀಯ. ಬಿಸಿಲಿಗೆ ಬೇರೆ ಇಟ್ಟಿದ್ದೆ.”

“ನೀನು ಹೇಳ್ಬೇಕಿತ್ತು.”

“ಹೇಳಿದ್ದೆ ಮಾರಾಯ. ಬಿಳೀ ಹತ್ತಿ ರಟ್ಟು ಬಂದಿದೆ, ಒಳ್ಳೆ ಚಿತ್ರಕ್ಕೆ ಅದನ್ನ ಹಾಕು ಅಂತ ಕೈಗೇ ಕೊಟ್ಟಿದ್ದೆ. ಹಿಂದೆ ಇರೋದನ್ನ ಯಾವನಯ್ಯಾ ನೋಡ್ತಾನೆ ಅಂತ ನೀನೇ ನಕ್ಕೆ.”

ನಕ್ಕದ್ದು ಫ್ರೇಮಣ್ಣನಿಗೆ ನೆನಪಿತ್ತು. ನೆನಪಿಲ್ಲದಿದ್ದರೆ ಒಳ್ಳೆಯದಿತ್ತು. “ಸರಿ ಮಾಡೋಕಾಗುತ್ತಾ?” ಅಂತ ಕೇಳಿದಾಗ ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. ವ್ಯಾಪಾರಿ ಇಲ್ಲ ಅನ್ನುವಂತೆ ತಲೆಯಾಡಿಸಿದ. ದೊಡ್ಡ ಊರುಗಳಲ್ಲಿ ಅದಕ್ಕೇ ಅಂತ ಕಲಿತವರು ಇದ್ದಾರಂತೆ, ಹುಳಿ ನಿಲ್ಲಿಸಬಹುದಂತೆ; ಆದರೆ ಹೋದ ಬಣ್ಣ, ಮುರಿದ ಕಾಗದ ಮೊದಲಿನಂತೆ ಬರುವುದಿಲ್ಲ ಅಂದ. ಹಿಂತಿರುಗುವ ದಾರಿಯಲ್ಲಿ ಫ್ರೇಮಣ್ಣ ಯಾರ ಮನೆಯ ತೆರೆದ ಬಾಗಿಲಿನೊಳಕ್ಕೂ ನೋಡಲಿಲ್ಲ. ಒಳಗೆ ಗೋಡೆಯ ಮೇಲೆ ಅವನೇ ಮುಚ್ಚಿಕೊಟ್ಟ ಮದುವೆಗಳು, ಅವನೇ ಮುಚ್ಚಿಕೊಟ್ಟ ಸತ್ತವರು ಸಾಲಾಗಿ ತೂಗುತ್ತಿದ್ದರು.

ಶನಿವಾರ ಹೆಂಡತಿ ಮೇಜಿನ ಮೇಲಿದ್ದದ್ದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಜಗಳ ಆಡಲು ಒಬ್ಬರಾದರೂ ಸಿಗುತ್ತಿದ್ದರು.

“ಇರೋದನ್ನ ಇರೋ ಹಾಗೆ ಹೇಳ್ಬಿಡಿ. ಅವಳು ಕೆಟ್ಟವಳಲ್ಲ,” ಅಂದಳು.

“ಏನಂತ ಹೇಳ್ಲಿ? ನಿಮ್ಮಮ್ಮನ್ನ ನಾನೇ ಸುಟ್ಟೆ ಅನ್ಲಾ?”

“ಕ್ಷಮಿಸು ಅನ್ನಿ. ನಿಮ್ಮ ಬಾಯಲ್ಲಿ ಅದು ಬಂದ್ರೆ ಸಾಕು, ಉಳಿದಿದ್ದು ಅವಳಿಗೆ ಅರ್ಥ ಆಗುತ್ತೆ.”

ಭಾನುವಾರ ಸೊಸೆ ಒಬ್ಬಳೇ ಬಂದಳು. ಗಂಡನ ಹತ್ತಿರ ಮಗುವನ್ನು ಬಿಟ್ಟು, ದೊಡ್ಡ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, ಹೊಸ ಬಟ್ಟೆ ತೊಟ್ಟು ಬಂದಿದ್ದಳು. ಹೆಂಡತಿ ಅವಳ ಕೆನ್ನೆ ಸವರಿ, ಫ್ರೇಮಣ್ಣನ ಕಡೆ ಒಂದು ಸಲ ನೋಡಿ, ಹಾಲು ತರುತ್ತೇನೆ ಅಂತ ಹೊರಗೆ ಹೋದಳು. ಹಾಲು ಮನೆಯಲ್ಲಿ ಇತ್ತು. ಗಂಡ ಒಬ್ಬನೇ ಇದ್ದರೆ ಆ ಒಂದು ಮಾತು ಅವನ ಬಾಯಿಂದ ಹೊರಟೀತು ಅಂತ ಆಸೆ ಅವಳಿಗೆ.

ಮೇಜಿನ ಮೇಲೆ ಹಾಸಿದ್ದ ಬಟ್ಟೆಯನ್ನು ಫ್ರೇಮಣ್ಣ ತೆಗೆದ. ಸೊಸೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

“ಇದೇನಾಯ್ತು ಮಾವ?”

ಹೇಳಬೇಕಾದದ್ದು ಗಂಟಲವರೆಗೆ ಬಂದಿತ್ತು. ಬಾಯಿಂದ ಹೊರಟದ್ದು ಮಾತ್ರ ಇದು: “ಏನ್ಮಾಡೋದಮ್ಮ. ನಿಮ್ಮಮ್ಮ ಬರೆದಿದ್ದು ಕಚೇರೀಲಿ ಬಿಸಾಡೋ ಕಾಗದದ ಮೇಲೆ. ಕಳಪೆ ಮಾಲು. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡೆ. ಕಾಗದವೇ ಸರಿಯಿಲ್ಲದಿದ್ರೆ ಯಾರೇನು ಮಾಡೋಕಾಗುತ್ತೆ?”

ಎತ್ತಿ ಬೆಳೆಸಿದ ಅಕ್ಕನ ತಲೆಯ ಮೇಲೆ, ಅವಳ ಮಗಳ ಎದುರಿಗೇ, ತಪ್ಪನ್ನು ಹೊರಿಸಿಬಿಟ್ಟ. ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ತನ್ನ ಮೇಲೆ ಅಸಹ್ಯವಾಯಿತು. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಆ ಬಾಯಿಗೆ ಇರಲಿಲ್ಲ.

ಸೊಸೆ ನಂಬಿದಳು. ಅದೇ ಎಲ್ಲಕ್ಕಿಂತ ಕಷ್ಟವಾದದ್ದು. “ಪಾಪ ಅಮ್ಮ,” ಅಂದಳು, “ಒಳ್ಳೆ ಕಾಗದ ಎಲ್ಲಿ ಸಿಗ್ತಿತ್ತು ಅವಳಿಗೆ.” ಮುರಿದ ಹಣೆಯ ಎರಡು ಅಂಚುಗಳನ್ನು ಬೆರಳಿನಿಂದ ಹತ್ತಿರ ತಂದು ಕೂಡಿಸಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಏನೋ ನೆನಪಾದವಳಂತೆ ಚೀಲಕ್ಕೆ ಕೈ ಹಾಕಿದಳು.

“ನನ್ನ ಹತ್ರಾನೂ ಒಂದಿದೆ ಮಾವ. ನಿಮಗೆ ಹೇಳೇ ಇರ್ಲಿಲ್ಲ, ಬೇಜಾರು ಮಾಡ್ಕೋಬೇಡಿ. ಚಿಕ್ಕಮ್ಮಂಗೆ ಸಿಕ್ಕಿತ್ತಂತೆ, ಮದುವೆಯಾಗಿ ಬಂದ ಹೊಸದರಲ್ಲಿ, ಟ್ರಂಕಿನಲ್ಲಿ ಅಮ್ಮನ ಹಳೇ ಹೊದಿಕೆ ಮಧ್ಯೆ. ನಿಮಗೆ ಗೊತ್ತಾದ್ರೆ ಬಂದು ಅದನ್ನೂ ತಗೊಂಡು ಹೋಗ್ತೀರಿ ಅಂತ ಹೆದರಿ ಅಲ್ಲೇ ಇಟ್ಟಿದ್ರಂತೆ. ನಂಗೆ ಪಾಪು ಹುಟ್ಟಿದಾಗ ಕೊಟ್ರು. ಎಲ್ಲ ಒಂದೇ ಥರ ಇರ್ಲಿ, ಇದಕ್ಕೂ ನಿಮ್ಮ ಕೈಯಿಂದಾನೇ ಫ್ರೇಮ್ ಹಾಕಿಸೋಣ ಅಂತ ತಂದೆ.”

ಹತ್ತಿ ಬಟ್ಟೆಯ ಮಡಿಕೆ ಬಿಡಿಸಿ ಅದನ್ನು ಮೇಜಿನ ಮೇಲೆ, ಉಳಿದವುಗಳ ಪಕ್ಕದಲ್ಲಿ ಇಟ್ಟಳು.

ಮಗು ಅಂಗಾತ ಮಲಗಿತ್ತು. ಒಂದು ಕೈ ಚಿತ್ರದ ಅಂಚಿನಿಂದ ಆಚೆ ಹೋಗಿತ್ತು. ರೆಪ್ಪೆಯ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಕಾಗದ ಬಿಳಿ. ಅಕ್ಕ ಈಗಷ್ಟೇ ಪೆನ್ಸಿಲ್ ಕೆಳಗಿಟ್ಟು ಮಗುವಿಗೆ ಹೊದಿಸಲು ಎದ್ದುಹೋಗಿದ್ದಾಳೆ ಅನ್ನುವಷ್ಟು ಬಿಳಿ. ಒಲೆಗೆ ಹಾಕುತ್ತಾಳೆ ಅಂತ ಅವನು ಹೇಳಿದ್ದ ಹೆಂಗಸು ಅದನ್ನು ಏನೂ ಮಾಡದೆ, ಕತ್ತಲಲ್ಲಿ, ಮೆತ್ತಗಿನ ಬಟ್ಟೆಯಲ್ಲಿ, ಸುಮ್ಮನೆ ಇಟ್ಟಿದ್ದಳು. ಫ್ರೇಮಣ್ಣನ ಕೈ ತಾನಾಗಿ ಮುಂದೆ ಹೋಗಿ ಅಂಚು ಮುಟ್ಟಿತು. ಕಣ್ಣು ಮಸುಕಾದರೂ ಬೆರಳು ಮರೆತಿರಲಿಲ್ಲ. ಒಗೆದ ಬಟ್ಟೆಯ ಆ ಮೆತ್ತನೆ ತಕ್ಷಣ ಗೊತ್ತಾಯಿತು.

ಸೊಸೆ ಬಿಳಿಯದನ್ನು ಮುಟ್ಟಿದಳು, ಕಂದಾದದ್ದನ್ನು ಮುಟ್ಟಿದಳು. ಮತ್ತೆ ಬಿಳಿಯದನ್ನು.

“ಒಂದೇ ಕಾಗದ ಅಲ್ವಾ ಮಾವ?”

ಅವನು ಅಂಚು ಮುಟ್ಟಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡ.

ಅವಳು ಮುರಿದ ತುಂಡನ್ನು ತಿರುಗಿಸಿ ಬೆನ್ನು ನೋಡಿದಳು. “ಹಿಂದೆ ಏನು ಹಾಕಿದ್ರಿ?”

“ರಟ್ಟು,” ಅಂದ.

ಅವಳು ಕೂಗಾಡಲಿ, ಮೂದಲಿಸಲಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಲಿ ಅಂತ ಅವನು ಕಾದ. ಅವಳು ಬಿಳಿಯ ಚಿತ್ರವನ್ನು ಮೊದಲಿದ್ದ ಹಾಗೆಯೇ ಬಟ್ಟೆಯಲ್ಲಿ ಮಡಿಸಿ, ಚೀಲದಲ್ಲಿ ಇಟ್ಟುಕೊಂಡು, ಚೀಲದ ಬಾಯಿ ಮುಚ್ಚಿದಳು. ಅದಕ್ಕೆ ಬಹಳ ಹೊತ್ತು ಹಿಡಿಯಿತು.

“ಇವೂ ನಿನ್ನವೇ ಕಣಮ್ಮ,” ಅಂದ ಫ್ರೇಮಣ್ಣ. “ತಗೊಂಡು ಹೋಗು. ಹೇಗಿದ್ರೂ ನಿಮ್ಮಮ್ಮ ಬರೆದಿದ್ದೇ ಅಲ್ವಾ.”

ಅವಳು ಮೇಜಿನ ಕಡೆ ಇನ್ನೊಂದು ಸಲ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

ಹೆಂಡತಿ ಬಂದಾಗ ಅವನು ಅದೇ ಕುರ್ಚಿಯಲ್ಲಿದ್ದ. ಕೈಯಲ್ಲಿದ್ದ ಹಾಲನ್ನು ಅಲ್ಲೇ ಇಟ್ಟು ಅವಳು ಬಾಗಿಲ ಕಡೆ, ಆಮೇಲೆ ಮೇಜಿನ ಕಡೆ ನೋಡಿದಳು.

“ಯಾಕ್ರೀ, ಚಿತ್ರ ಎಲ್ಲ ಇಲ್ಲೇ ಇದೆ? ತಗೊಂಡು ಹೋಗ್ಲಿಲ್ವಾ?”

“ಬೇಡವಂತೆ,” ಅಂದ.